ಹೊಡೆಯುವ ಮೊದಲೇ ಬಿದ್ದ ಕೇಡಿ

ಬಸ್ ಡ್ರೈವರ್‌ಗೆ ಕೆಲಸ ವಾಪಸ್ ಸಿಕ್ಕಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯೂನಿಯನ್ ಕೆಲಸದಲ್ಲಿ ತಲೆ ನರೆಸಿಕೊಂಡವನಿಗೆ ಒಳ್ಳೆಯ ಸುದ್ದಿ ಸಿಗುವುದೇ ಅಪರೂಪ. ಸಿಕ್ಕಿದ್ದನ್ನು ಕೊನೆಯ ಪುಟದ ತನಕ ಹೊಟ್ಟೆಯೊಳಗೆ ಬಚ್ಚಿಟ್ಟುಕೊಳ್ಳುವ ತಾಳ್ಮೆ ನನಗಿಲ್ಲ. ಆದರೆ ಆ ಕೆಲಸ ವಾಪಸ್ ಬಂದದ್ದು ಮುಷ್ಕರದಿಂದಲ್ಲ, ಧರಣಿಯಿಂದಲ್ಲ, ನನ್ನ ಭಾಷಣದಿಂದಂತೂ ಅಲ್ಲವೇ ಅಲ್ಲ. ಒಬ್ಬ ಮುದಿ ಕೇಡಿ ಎಲ್ಲರ ಕಣ್ಣೆದುರು ಧೊಪ್ಪನೆ ಬಿದ್ದದ್ದರಿಂದ. ಈ ಬರಹ ಅವನ ಬಗ್ಗೆ.

ನಮ್ಮ ಬೀದಿಯಲ್ಲಿ ಎಲ್ಲರೂ ಅವನನ್ನು ಕರೆಯುವುದು ಕೇಡಿಯಣ್ಣ ಅಂತ. ಹೆತ್ತವರು ಇಟ್ಟ ಹೆಸರು ಅಂಚೆಯವನನ್ನು ಬಿಟ್ಟು ಯಾರಿಗೂ ನೆನಪಿಲ್ಲ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಗಂಡ ಹೆಂಡತಿ ಇದ್ದಾರೆ. ಮೆಟ್ಟಿಲು ಎಷ್ಟು ಕಿರಿದು ಅಂದರೆ ಅವನ ಭುಜ ಎರಡೂ ಗೋಡೆಗೆ ಉಜ್ಜುತ್ತದೆ. ಅವನು ಹತ್ತುವ ಕಡೆ ಸುಣ್ಣ ನಿಲ್ಲುವುದಿಲ್ಲ. ಎತ್ತರದ ಆಳು, ಅಗಲ ದವಡೆ, ಎರಡು ಹುಬ್ಬಿನ ನಡುವೆ ಬೆರಳು ಇಡುವಷ್ಟು ಗೀರು. ಆ ಮುಖ ನೋಡಿದರೆ ಸಾಕು, ಜನ ಜೇಬು ಮುಟ್ಟಿಕೊಳ್ಳುತ್ತಾರೆ. ಆ ಮುಖವೇ ಅವನಿಗೆ ಅನ್ನ ಕೊಟ್ಟಿತು.

ಅವನು ನೂರಾರು ಸಿನಿಮಾಗಳಲ್ಲಿ ಸತ್ತವನು. ಗುಡ್ಡದಿಂದ ಉರುಳಿ, ಗೋದಾಮಿನ ಬೆಂಕಿಗೆ ಸಿಕ್ಕಿ, ರೈಲಿನ ಕೆಳಗೆ, ಬಾವಿಯೊಳಗೆ, ಒಮ್ಮೆ ಹಿಟ್ಟಿನ ಗಿರಣಿಯ ಬೆಲ್ಟಿಗೆ. ಹೆಚ್ಚಿನವುಗಳಲ್ಲಿ ಅವನು ದೊಡ್ಡ ಕೇಡಿಯಲ್ಲ, ದೊಡ್ಡ ಕೇಡಿಯ ಸೋಫಾ ಹಿಂದೆ ಕೈಕಟ್ಟಿ ನಿಲ್ಲುವವನು. ನಾನು ಅದನ್ನು ನೋಡಿದಾಗಲೆಲ್ಲ ನಗುತ್ತಿದ್ದೆ. ಕೂತವನು ಆಜ್ಞೆ ಕೊಡುತ್ತಾನೆ, ನಿಂತವನು ಒದೆ ತಿನ್ನುತ್ತಾನೆ. ನಮ್ಮ ಬಸ್ ಡಿಪೊದಲ್ಲೂ ಅದೇ ವ್ಯವಸ್ಥೆ.

ಅವನಿಗೆ ಕೂರಲು ಅವಕಾಶ ಸಿಕ್ಕಿದ್ದು ಎರಡೋ ಮೂರೋ ಸಿನಿಮಾಗಳಲ್ಲಿ. ಅದರಲ್ಲಿ ಒಂದನ್ನು ನೋಡಿದವರು ಮರೆತಿಲ್ಲ. ಗಿರಣಿ ಮಾಲೀಕನ ಪಾತ್ರ. ಮುಂದೆ ಕೆಲಸಗಾರರ ಮುಖಂಡ, ಗುಡಿಸಲು ಕಿತ್ತುಹಾಕಬೇಡಿ ಅಂತ ಕೈಮುಗಿದು ನಿಂತಿದ್ದಾನೆ. ಇವನು ಕಿತ್ತಳೆ ಹಣ್ಣು ಸುಲಿಯುತ್ತಾನೆ, ಅವಸರವಿಲ್ಲದೆ, ಸಿಪ್ಪೆ ಎಲ್ಲೂ ಹರಿಯದ ಹಾಗೆ, ಒಂದೇ ಉದ್ದದ ಪಟ್ಟಿಯಾಗಿ. ಸಿಪ್ಪೆ ಮೇಜಿನ ಮೇಲೆ ಬಿದ್ದ ಮೇಲೆ ತಲೆ ಎತ್ತದೆ ಹೇಳುತ್ತಾನೆ: "ಗುಡಿಸಲು ಖಾಲಿ ಆಗಿರಬೇಕು. ಜನ ಒಳಗಿದ್ರೂ ಸರಿ." ಅಷ್ಟೇ ಮಾತು. ಕಿರುಚಾಟವಿಲ್ಲ, ಅಟ್ಟಹಾಸವಿಲ್ಲ. ಆಮೇಲೆ ಒಂದು ತೊಳೆ ಬಾಯಿಗೆ ಹಾಕಿಕೊಂಡು ಬೀಜವನ್ನು ಅಂಗೈಗೆ ಉಗಿಯುತ್ತಾನೆ. ಅಷ್ಟಕ್ಕೇ ಜನ ಪರದೆಗೆ ಚಪ್ಪಲಿ ಎಸೆದರು. ಮಾರುಕಟ್ಟೆಯ ಹಣ್ಣಿನವಳು ಅವನಿಗೆ ಬಹಳ ಕಾಲ ಕಿತ್ತಳೆ ಮಾರಲಿಲ್ಲ. "ಬಾಳೆಹಣ್ಣು ಬೇಕಾದ್ರೆ ತಗೋ, ಇದನ್ನ ಮುಟ್ಟಬೇಡ" ಅನ್ನುತ್ತಿದ್ದಳಂತೆ.

ನಮ್ಮ ಯೂನಿಯನ್‌ನವರಿಗೂ ಅವನಿಗೂ ಪರಿಚಯವಾದದ್ದು ನಾವು ಅವನನ್ನು ಸುಟ್ಟ ದಿನ. ಗಾಬರಿಯಾಗಬೇಡಿ. ಡಿಪೊದ ಗೇಟಿನ ಮುಂದೆ ದೊಡ್ಡ ಧರಣಿ ನಡೆಯುತ್ತಿದ್ದ ಕಾಲ. ದೊಡ್ಡ ಸಾಹೇಬರ ಪ್ರತಿಕೃತಿ ಸುಡಬೇಕು ಅಂತ ತೀರ್ಮಾನವಾಯಿತು. ಹುಲ್ಲು ಸಿಕ್ಕಿತು, ಹರಿದ ಕೋಟು ಸಿಕ್ಕಿತು, ಮುಖ ಸಿಗಲಿಲ್ಲ. ಸಾಹೇಬರು ನಮ್ಮವರ ಕಣ್ಣಿಗೆ ಬಿದ್ದಿದ್ದರೆ ತಾನೆ. ಬೋರ್ಡ್ ಬರೆಯುವವನು ಓಡಿಹೋಗಿ ಗೋಡೆಯ ಪೋಸ್ಟರಿನಿಂದ ಕಿತ್ತಳೆ ಸುಲಿಯುವ ಮುಖವನ್ನೇ ಕಿತ್ತು ತಂದು ಅಂಟಿಸಿದ. ಜನಕ್ಕೆ ಸಿಟ್ಟು ಬರಿಸಲು ಅದಕ್ಕಿಂತ ಒಳ್ಳೆಯ ಮುಖ ಬೇರೆ ಇರಲಿಲ್ಲ. ಕಡ್ಡಿ ಗೀರುವ ಹೊತ್ತಿಗೆ ಗುಂಪು ಸೀಳಿಕೊಂಡು ಒಬ್ಬ ಮುಂದೆ ಬಂದ. ಅದೇ ದವಡೆ, ಅದೇ ಗೀರು. ಘೋಷಣೆ ಕೂಗುತ್ತಿದ್ದವರ ಬಾಯಿ ತೆರೆದದ್ದು ತೆರೆದ ಹಾಗೇ ನಿಂತಿತು.

"ಸುಡಿ, ಬೇಡ ಅನ್ನಲ್ಲ," ಅಂದ. "ಆದ್ರೆ ತಲೆ ನೆಟ್ಟಗೆ ಕಟ್ಟಿದ್ದೀರಲ್ಲ, ಬೆಂಕಿ ಹತ್ತಿದ್ರೆ ಹಿಂದಕ್ಕೆ ಬೀಳುತ್ತೆ. ಮುಖ ಯಾರಿಗೂ ಕಾಣಲ್ಲ. ಸ್ವಲ್ಪ ಮುಂದಕ್ಕೆ ಬಗ್ಗಿಸಿ, ಜನದ ಕಡೆಗೆ ಬೀಳಲಿ."

ಬಗ್ಗಿಸಿದೆವು. ಸೊಗಸಾಗಿ ಬಿತ್ತು. ಅವತ್ತಿನಿಂದ ಅವನಿಗೆ ನಾನು ಸೆಕ್ರೆಟ್ರಿ, ನನಗೆ ಅವನು ಕೇಡಿಯಣ್ಣ.

ಬೀಳುವುದರ ವಿದ್ಯೆ ಅವನಿಗೆ ಬಂದದ್ದು ನಾಟಕ ಕಂಪನಿಯಲ್ಲಿ. ಅಲ್ಲಿ ಹಿರಿಯ ಖಳನಟರೊಬ್ಬರಿದ್ದರು. ಅವರನ್ನು ಅವನು ಇವತ್ತಿಗೂ ದೊಡ್ಡವರು ಅಂತಲೇ ಅನ್ನುವುದು. ರಂಗದ ಮೇಲೆ ಬಂದರೆ ಜಲ್ಲಿ ಸುರಿದ ಹಾಗೆ ದನಿ, ಮುಂದಿನ ಸಾಲಿನ ಕೂಸುಗಳು ಉಚ್ಚೆ ಹೊಯ್ದುಕೊಳ್ಳುತ್ತಿದ್ದವು. ಒಳಗೆ ಹೋದರೆ ಹಲ್ಲಿಗೆ ಹೆದರಿ ಸ್ಟೂಲ್ ಹತ್ತುವ ಮನುಷ್ಯ. ಕಂಪನಿಯಲ್ಲಿ ಯಾರಿಗೆ ಜ್ವರ ಬಂದರೂ ಗಂಜಿ ಕಾಯಿಸಿ ಕೊಡುತ್ತಿದ್ದದ್ದು ಅವರೇ. ಅವರು ಇವನಿಗೆ ಹೇಳಿಕೊಟ್ಟ ಪಾಠ ಇದು: "ಹೀರೋ ಕೈ ಬೀಸ್ತಾನೆ, ಅಷ್ಟೇ ಅವನ ಕೆಲಸ. ಆ ಕೈಯಲ್ಲಿ ಬಲ ಇದೆ ಅಂತ ಜನಕ್ಕೆ ಕಾಣಿಸೋನು ನೀನು. ನೀನು ಬೀಳದಿದ್ರೆ ಅವನು ನೊಣ ಓಡಿಸ್ತಿರೋ ಹಾಗೆ ಕಾಣ್ತಾನೆ."

ಬೀಳುವುದು ಅಂದರೆ ಬರೀ ಬೀಳುವುದಲ್ಲ. ಹೊಡೆಯುವವನ ಕೈ ಕೆನ್ನೆಯ ಮುಂದೆ ಗಾಳಿಯಲ್ಲಿ ಹಾದು ಹೋಗುತ್ತದೆ. ತಾಗುವುದಿಲ್ಲ. ಸದ್ದು ಮಾಡುವವನು ಏಟು ತಿನ್ನುವವನು. ಅವನು ತನ್ನ ಅಂಗೈಯನ್ನು ತನ್ನದೇ ತೊಡೆಗೆ ಫಟ್ಟನೆ ಬಡಿದು, ಅದೇ ಗಳಿಗೆಯಲ್ಲಿ ಮುಖ ತಿರುಗಿಸಿ, ಭುಜ ಕೊಟ್ಟು ಉರುಳಬೇಕು. ನೋಡುವವರ ಕಣ್ಣು ಕೆನ್ನೆಯ ಮೇಲೆ ಇರುತ್ತದೆ, ತೊಡೆಯನ್ನು ಯಾರೂ ನೋಡುವುದಿಲ್ಲ. ಸಿನಿಮಾಕ್ಕೆ ಬಂದ ಮೇಲೆ ಸದ್ದನ್ನು ಬೇರೆ ಕಡೆ ಕೂಡಿಸುತ್ತಿದ್ದರು, ತೊಡೆ ಬಡಿಯುವ ಅಗತ್ಯವಿರಲಿಲ್ಲ. ಆದರೂ ಇವನ ಕೈ ಆ ಚಾಳಿ ಬಿಡಲಿಲ್ಲ. ಚಿಕ್ಕ ವಯಸ್ಸಿನಲ್ಲಿ ಮೈಗೆ ಹತ್ತಿದ್ದು ಮೈಯಲ್ಲೇ ಉಳಿಯಿತು.

ಎಷ್ಟರ ಮಟ್ಟಿಗೆ ಉಳಿಯಿತು ಅನ್ನುವುದು ಅವನ ಹೆಂಡತಿಗೆ ಗೊತ್ತು. ಆಕೆ ಸಿನಿಮಾದವರ ಉಡುಪು ಹೊಲಿಯುತ್ತಿದ್ದವಳು. ಕೇಡಿಗಳ ಪ್ಯಾಂಟಿನ ಸೊಂಟಕ್ಕೆ, ಅಂಗಿಯ ಮೊಣಕೈಗೆ ಒಳಗಿನಿಂದ ಹತ್ತಿಯ ಮೆತ್ತೆ ಕೂರಿಸುವುದು ಆಕೆಯ ಕೆಲಸ. ಇವನ ಅಳತೆ ತೆಗೆಯಲು ಟೇಪು ಎತ್ತಿದಾಗ ಇವನು ಬಿದ್ದ. ಹಾಗೆ ಶುರುವಾದ ಸಂಸಾರ. ಮದುವೆಯಾದ ಹೊಸತರಲ್ಲಿ ಆಕೆ ಅಟ್ಟದಿಂದ ಡಬ್ಬ ತೆಗೆಯಲು ಫಕ್ಕನೆ ಕೈ ಎತ್ತಿದರೆ ಇವನು ಫಟ್ ಅನ್ನಿಸಿ ನೆಲಕ್ಕೆ ಉರುಳುತ್ತಿದ್ದ, ಒಮ್ಮೆ ಹಾಲಿನ ಪಾತ್ರೆ ಸಮೇತ. ಕೆಳಗಿನ ಸೈಕಲ್ ಅಂಗಡಿಯವನು ಮೇಲೆ ದಿನಾ ಜಗಳ ಅಂದುಕೊಂಡು ಒಂದು ದಿನ ಬುದ್ಧಿ ಹೇಳಲು ಹತ್ತಿ ಬಂದನಂತೆ. ಹೇಳಿದ್ದು ಆಕೆಗೆ: "ಅಕ್ಕ, ಎಷ್ಟೇ ಆದ್ರೂ ಗಂಡ. ಸ್ವಲ್ಪ ನಿಧಾನಕ್ಕೆ ಹೊಡೀರಿ."

ಆಮೇಲೆ ಆಕೆ ಒಂದು ಪದ್ಧತಿ ಮಾಡಿಕೊಂಡಳು. ಅವನ ಹತ್ತಿರ ಕೈ ಎತ್ತುವ ಮೊದಲು ಒಮ್ಮೆ ಕೆಮ್ಮುವುದು. ಬಟ್ಟೆ ಒಣಹಾಕುವಾಗ ಕೆಮ್ಮು, ಕಿಟಕಿ ತೆಗೆಯುವಾಗ ಕೆಮ್ಮು, ಅವನ ತಲೆಗೆ ಎಣ್ಣೆ ಹಚ್ಚುವಾಗ ಕೆಮ್ಮು. ಕೆಮ್ಮು ಕೇಳಿದರೆ ಅವನ ಮೈ ತಿಳಿದುಕೊಳ್ಳುತ್ತದೆ, ಇದು ಫೈಟಲ್ಲ, ಸಂಸಾರ ಅಂತ. ಹೊಸಬರು ಮನೆಗೆ ಹೋದರೆ ಈಕೆಗೆ ಏನೋ ಎದೆಯ ಕಾಯಿಲೆ ಅಂದುಕೊಂಡು ಔಷಧಿ ಹೇಳುತ್ತಾರೆ. ಆಕೆ ಬೇಡ ಅನ್ನುವುದಿಲ್ಲ, ಹೂಂ ಅನ್ನುತ್ತಾಳೆ.

ಈಗ ಬಸ್ಸಿನ ವಿಷಯ.

ಚರಂಡಿ ಅಗೆಯುತ್ತಿದ್ದಾರೆ ಅಂತ ನಮ್ಮ ಬೀದಿಯ ಸ್ಟಾಪನ್ನು ಸ್ವಲ್ಪ ಮುಂದಕ್ಕೆ ಸರಿಸಿದ್ದರು. ಕೇಡಿಯಣ್ಣನಿಗೆ ಗೊತ್ತಿರಲಿಲ್ಲ. ಹೆಂಡತಿಗೆ ನೂಲಿನ ಉಂಡೆ ತರಲು ಚೀಲ ಹಿಡಿದು ಹಳೇ ಜಾಗದಲ್ಲಿ ನಿಂತಿದ್ದ. ಬಸ್ಸು ಅವನನ್ನು ದಾಟಿ ಮುಂದೆ ಹೋಗಿ ನಿಂತಿತು. ಇವನು ಏದುಸಿರು ಬಿಡುತ್ತ ಹೋಗಿ ಡ್ರೈವರ್ ಕಿಟಕಿಯ ಕೆಳಗೆ ನಿಂತು, ಅದೇ ಸಿನಿಮಾ ದನಿಯಲ್ಲಿ, "ಏನಪ್ಪ, ಮುಂದಿನ ಊರಲ್ಲೇ ನಿಲ್ಲಿಸೋಣ ಅಂತಿದ್ಯಾ?" ಅಂದ.

ಡ್ರೈವರ್ ಕೆಟ್ಟವನಲ್ಲ. ಆದರೆ ಬೆಳಗಿನಿಂದ ಅದೇ ಸ್ಟಾಪಿನಲ್ಲಿ ಎಲ್ಲರ ಹತ್ತಿರವೂ ಬೈಸಿಕೊಂಡಿದ್ದ. ತಲೆ ಕೆಟ್ಟು ಇಳಿದು ಬಂದ. "ಸ್ಟಾಪ್ ಅಲ್ಲಿಲ್ಲ ಸ್ವಾಮಿ, ಇಲ್ಲಿ. ಅಷ್ಟು ದೊಡ್ಡ ಬೋರ್ಡ್ ಹಾಕಿದ್ದಾರೆ, ಕಣ್ಣು ಕಾಣಲ್ವಾ?" ಅನ್ನುತ್ತ, ಕೇಡಿಯಣ್ಣನ ಹಿಂದಿದ್ದ ಬೋರ್ಡಿನ ಕಡೆಗೆ ರಪ್ಪನೆ ಕೈ ಬೀಸಿ ತೋರಿಸಿದ.

ಫಟ್.

ಕೇಡಿಯಣ್ಣ ಗಿರಕಿ ಹೊಡೆದು, ಪ್ಲಾಸ್ಟಿಕ್ ಅಂಗಡಿಯವನು ಹೊರಗೆ ಪೇರಿಸಿದ್ದ ಬಕೆಟ್ಟುಗಳ ಮೇಲೆ ಬಿದ್ದ. ಬಕೆಟ್ಟುಗಳು ಬೀದಿ ತುಂಬ ಉರುಳಿದವು. ಬಸ್ಸಿನೊಳಗಿದ್ದ ಅಷ್ಟೂ ಜನ ಒಟ್ಟಿಗೆ "ಅಯ್ಯೋ" ಅಂದರು. ಜಗಳ ಶುರುವಾದಾಗಲೇ ಒಬ್ಬಳು ಹುಡುಗಿ ಕಿಟಕಿಯಿಂದ ಫೋನ್ ಹಿಡಿದಿದ್ದಳು. ಅದರಲ್ಲಿ ಎಲ್ಲ ಅಚ್ಚುಕಟ್ಟಾಗಿ ಬಂದಿತ್ತು: ಬೀಸುವ ಕೈ, ತಿರುಗುವ ಮುಖ, ಸದ್ದು, ಬೀಳುವಿಕೆ. ಕೈಗೂ ಕೆನ್ನೆಗೂ ನಡುವಿನ ಜಾಗ ಮಾತ್ರ ಬಂದಿರಲಿಲ್ಲ. ಹೇಗೆ ಬರಬೇಕು? "ಕಣ್ಣಂಚಲ್ಲಿ ಫೋನ್ ಕಾಣಿಸ್ತು ಸೆಕ್ರೆಟ್ರಿ," ಅಂತ ಆಮೇಲೆ ನನ್ನ ಹತ್ತಿರ ಗೋಳಾಡಿದ. "ಭುಜ ತಾನಾಗೇ ಆ ಕಡೆ ತಿರುಗಿಬಿಡ್ತು."

ಡ್ರೈವರ್ ತನ್ನ ಕೈಯನ್ನು ಬೇರೆ ಯಾರದೋ ಕೈ ಅನ್ನುವ ಹಾಗೆ ನೋಡಿಕೊಂಡು ನಿಂತಿದ್ದನಂತೆ. ಸಂಜೆಯ ಹೊತ್ತಿಗೆ ಅವನನ್ನು ಅಮಾನತು ಮಾಡಿದರು. ಯೂನಿಯನ್ ಕಚೇರಿಗೆ ಬಂದು ನನ್ನ ಮುಂದೆ ಕೂತ. "ಅಣ್ಣ, ಸಿಟ್ಟಿತ್ತು, ಸುಳ್ಳು ಹೇಳಲ್ಲ. ಆದ್ರೆ ಕೈಗೆ ಏನೂ ತಾಗಲಿಲ್ಲ. ಆದ್ರೆ ಸದ್ದು ನನಗೂ ಕೇಳಿಸ್ತು," ಅಂದ. ಆಮೇಲೆ, "ನಾನು ಹೊಡೆದ್ನಾ?" ಅಂತ ನನ್ನನ್ನೇ ಕೇಳಿದ. ಅವನ ಹೆಂಡತಿ ರಟ್ಟಿನ ಡಬ್ಬಿ ಮಡಿಸುವ ಕೆಲಸಕ್ಕೆ ಹೋಗುತ್ತಾಳೆ. ಇಬ್ಬರು ಹೆಣ್ಣುಮಕ್ಕಳು, ಇಬ್ಬರೂ ಶಾಲೆಯಲ್ಲಿ. ಅವನಿಗೆ ಸ್ಟಿಯರಿಂಗ್ ಬಿಟ್ಟರೆ ಬೇರೆ ಕಸುಬು ಬಾರದು. ಪ್ರಯಾಣಿಕನ ಮೇಲೆ, ಅದೂ ವಯಸ್ಸಾದವನ ಮೇಲೆ ಕೈ ಮಾಡಿ ವಜಾ ಆದವನನ್ನು ಯಾವ ಲಾರಿಯವನೂ ಹತ್ತಿಸಿಕೊಳ್ಳುವುದಿಲ್ಲ. ವಿಚಾರಣೆ ಇದೆ ಅಂದಿದ್ದರು, ಆದರೆ ಡಿಪೊದಲ್ಲಿ ಎಲ್ಲರಿಗೂ ಗೊತ್ತಿತ್ತು. ಆ ವಿಡಿಯೋ ನೋಡಿದ ಮೇಲೆ ವಿಚಾರಣೆಗೆ ಉಳಿದದ್ದು ಸಹಿ ಮಾತ್ರ.

ನಾನು ನೆಟ್ಟಗೆ ಕೇಡಿಯಣ್ಣನ ಮನೆಗೆ ಹೋದೆ. ಮೆಟ್ಟಿಲಲ್ಲಿ ಜಾಗವಿರಲಿಲ್ಲ. ಸೇಬು ಹಿಡಿದವರು, ಹೂಗುಚ್ಛ ಹಿಡಿದವರು ಸಾಲಾಗಿ ನಿಂತಿದ್ದರು. ವಿಡಿಯೋ ಊರೆಲ್ಲ ಸುತ್ತಿ ಬಂದಿತ್ತು. ಜೀವಮಾನವಿಡೀ ಅವನನ್ನು ಪರದೆಯ ಮೇಲೆ ಕಂಡು ಶಾಪ ಹಾಕಿದವರು ಈಗ ಪಾಪ ಅನ್ನುತ್ತಿದ್ದರು. ಹಣ್ಣಿನವಳು ಬಂದಿದ್ದಳು, ಬುಟ್ಟಿ ತುಂಬ ಕಿತ್ತಳೆ ತಂದಿದ್ದಳು. "ಸಿನಿಮಾದಲ್ಲಿ ಹೀರೋ ಹೊಡೆದಾಗ ಶಿಳ್ಳೆ ಹೊಡೆದೆ ಕಣಪ್ಪ. ಈಗ ನೋಡೋಕೆ ಆಗಲಿಲ್ಲ," ಅಂದು ಕಣ್ಣೊರೆಸಿಕೊಂಡಳು. ಕೇಡಿಯಣ್ಣ ಮೊಣಕೈಗೆ ಪಟ್ಟಿ ಕಟ್ಟಿಕೊಂಡು ಮಂಚದ ಮೇಲೆ ಕೂತಿದ್ದ. ಮುಖದಲ್ಲಿ ನಾಚಿಕೆಯೂ ಇತ್ತು, ಸ್ವಲ್ಪ ಖುಷಿಯೂ ಇತ್ತು. ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಮೊದಲ ಸಲ ಜನ ಅವನ ಪಕ್ಷದಲ್ಲಿದ್ದರು.

ಎಲ್ಲರೂ ಇಳಿದುಹೋದ ಮೇಲೆ ನಾನು ಕೇಳಿದೆ, "ಹೊಡೆದನೇನೋ?"

"ಇಲ್ಲ."

"ಮತ್ತೆ?"

"ನಾನೇ ಬಿದ್ದೆ."

ಒಳಗಿನಿಂದ ಅವನ ಹೆಂಡತಿ, "ನನಗೆ ಮೊದಲೇ ಗೊತ್ತಿತ್ತು," ಅಂದಳು. "ಆ ಡ್ರೈವರ್ ಕೆಮ್ಮಿರಲ್ಲ."

ಕಿತ್ತಳೆ ಬುಟ್ಟಿಯನ್ನು ಒಮ್ಮೆ ನೋಡಿ ಕೇಡಿಯಣ್ಣ ಎದ್ದು ಚಪ್ಪಲಿ ಮೆಟ್ಟಿದ. "ನಡಿ ಸೆಕ್ರೆಟ್ರಿ. ಈಗಲೇ ಹೋಗಿ ಹೇಳಿಬಿಡೋಣ. ಇದೇನು ಮಹಾ, ಎರಡು ಮಾತು."

ಎರಡು ಮಾತಿನಲ್ಲಿ ಮುಗಿಯಲಿಲ್ಲ. ಡಿಪೊ ಮ್ಯಾನೇಜರ್ ಅವನಿಗೆ ಕುರ್ಚಿ ಕೊಟ್ಟು, ಚಹಾ ತರಿಸಿ, ಎಲ್ಲ ಕೇಳಿಕೊಂಡು ಕೈ ಹಿಡಿದುಕೊಂಡರು. "ನಿಮ್ಮದು ದೊಡ್ಡ ಮನಸ್ಸು ಸರ್. ಅವನ ಸಂಸಾರ ನೋಡಿ ಕ್ಷಮಿಸ್ತಾ ಇದ್ದೀರಿ. ಆದ್ರೆ ನಾವು ಕ್ಷಮಿಸೋಕೆ ಆಗಲ್ಲ."

"ಕ್ಷಮಿಸ್ತಿಲ್ಲ ಸ್ವಾಮಿ. ಅವನು ಹೊಡೆದೇ ಇಲ್ಲ."

"ಅದನ್ನೇ ನಾನು ಹೇಳಿದ್ದು. ದೊಡ್ಡ ಮನಸ್ಸು."

ಹೊರಗೆ ಬಂದರೆ ಸುದ್ದಿ ನಮಗಿಂತ ಮೊದಲೇ ಬೀದಿ ತಲುಪಿತ್ತು. ಹೊಡೆದವನನ್ನೇ ಕಾಪಾಡಲು ಹೊರಟ ಪುಣ್ಯಾತ್ಮ ಅಂತ ಎರಡನೇ ಸುತ್ತಿನ ಸೇಬು ಬಂತು. ಅವನು ಇಲ್ಲ ಅಂದಷ್ಟೂ ದೊಡ್ಡ ಮನುಷ್ಯನಾದ. ಇನ್ನೂ ಕೆಲವರು, ಯೂನಿಯನ್‌ನವರು ಹೆದರಿಸಿ ಹೀಗೆ ಹೇಳಿಸುತ್ತಿದ್ದಾರೆ ಅಂದರು. ಅಂದರೆ ನಾನು. ಒಂದು ಸಂಜೆಯಲ್ಲಿ ಅವನು ಸಂತನಾಗಿ ನಾನು ಕೇಡಿಯಾದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಹೆಂಗಿದೆ ಪಾತ್ರ?" ಅಂದ. ಆಮೇಲೆ ನಗು ನಿಲ್ಲಿಸಿ, "ನಗೋ ಹೊತ್ತಲ್ಲ. ಆ ಡ್ರೈವರ್ ಊಟ ಬಿಟ್ಟಿದ್ದಾನಂತೆ," ಅಂದ.

ವಿಚಾರಣೆಯಲ್ಲಿ ನಾನು ಡ್ರೈವರ್ ಪರ ನಿಂತೆ. ಡಿಪೊದ ಮೇಲಿನ ಮಹಡಿ, ಉದ್ದನೆಯ ಮೇಜು, ಕಬ್ಬಿಣದ ಬೀರು, ಟಿಕ್ ಟಿಕ್ ಅನ್ನುವ ಫ್ಯಾನು. ಕಿಟಕಿ ಮುಚ್ಚಿತ್ತು, ತೆಗೆದರೆ ವರ್ಕ್‌ಶಾಪಿನ ಸುತ್ತಿಗೆ ಸದ್ದಿಗೆ ಮಾತು ಕೇಳುವುದಿಲ್ಲ. ಒಳಗೆ ಬೆಂದುಹೋಗುವ ಸೆಖೆ. ವಿಚಾರಣಾಧಿಕಾರಿ ಒಬ್ಬ ಹೆಂಗಸು, ಕಟ್ಟುನಿಟ್ಟಿನವರು, ಬೇರೆ ಕಡೆಯಿಂದ ಬಂದವರು. ಮೊದಲು ಕಂಡಕ್ಟರ್ ಸಾಕ್ಷಿ ಹೇಳಿದ. ಅವನು ಡ್ರೈವರ್‌ನ ಸ್ನೇಹಿತ. ಹೇಳಲು ಇಷ್ಟವಿರಲಿಲ್ಲ, ಸುಳ್ಳು ಹೇಳಲು ಅದಕ್ಕಿಂತ ಇಷ್ಟವಿರಲಿಲ್ಲ. "ಹಿಂದಿನ ಬಾಗಿಲಲ್ಲಿದ್ದೆ ಮೇಡಂ. ಫಟ್ ಅಂತ ಜೋರಾಗಿ ಕೇಳಿಸ್ತು," ಅಂದು ಡ್ರೈವರ್‌ನ ಮುಖ ನೋಡದೆ ಕೂತ. ಆಮೇಲೆ ವಿಡಿಯೋ ಹಾಕಿದರು. ನೋಡಿದಾಗೊಮ್ಮೆ ನನಗೇ ಅನುಮಾನ ಬರುತ್ತಿತ್ತು.

ಕೇಡಿಯಣ್ಣನನ್ನು ಕರೆದರು. ಮೊಣಕೈ ಗಾಯ ಇನ್ನೂ ಮಾಗಿಲ್ಲ, ಮೆಟ್ಟಿಲು ಹತ್ತುವಾಗ ಆಸರೆಗೆ ಬೇಕು ಅಂತ ಅವನ ಹೆಂಡತಿಯೂ ಬಂದಿದ್ದಳು. ಅವನನ್ನು ಕಿಟಕಿಯ ಕೆಳಗಿನ ಕುರ್ಚಿಯಲ್ಲಿ ಕೂರಿಸಿದರು, ಆಕೆಯನ್ನು ಪಕ್ಕದ ಸ್ಟೂಲಿನಲ್ಲಿ. ಅಧಿಕಾರಿ ಅವನ ಮುಖ ನೋಡಿದರು.

"ಚಿಕ್ಕಂದಿನಲ್ಲಿ ನಾನು ಊಟ ಮಾಡದಿದ್ರೆ ನಮ್ಮಮ್ಮ ನಿಮ್ಮ ಫೋಟೋ ತೋರಿಸ್ತಿದ್ರು," ಅಂದರು.

"ಊಟ ಮಾಡಿದ್ರಲ್ಲ ಮೇಡಂ, ಅಷ್ಟು ಸಾಕು ನನಗೆ."

ಅಧಿಕಾರಿ ನಗಲಿಲ್ಲ. "ಹೇಳಿ, ಏನಾಯ್ತು?"

ಅವನು ಎಲ್ಲ ಹೇಳಿದ. ನಾಟಕ ಕಂಪನಿ, ದೊಡ್ಡವರು, ತೊಡೆ, ಅಂಗೈ. ಅಧಿಕಾರಿ ಪೆನ್ನು ಕೆಳಗಿಟ್ಟು ಕೇಳಿದರು. ಕೇಳಿ ಮುಗಿದ ಮೇಲೆ, "ನೀವು ಹೇಳೋದು ಚೆನ್ನಾಗಿದೆ. ಆದ್ರೆ ಏಟು ತಿಂದವರೇ ಬಂದು ಏಟು ಬಿದ್ದಿಲ್ಲ ಅಂದಾಗ ನಾವು ಬೇರೆ ಥರ ಯೋಚನೆ ಮಾಡಬೇಕಾಗುತ್ತೆ. ಯಾರೋ ಹೇಳಿಕೊಟ್ಟಿರಬಹುದು," ಅಂದು ನನ್ನ ಕಡೆ ಒಂದು ನೋಟ ಎಸೆದರು. ನನಗೆ ಹೊಸದಲ್ಲ. ಎಷ್ಟೋ ಅಧಿಕಾರಿಗಳು ಅದೇ ನೋಟ ನೋಡಿ ನಿವೃತ್ತರಾಗಿದ್ದಾರೆ.

"ಬೀಳಿಸಿ ನೋಡಿ ಮೇಡಂ," ಅಂದ ಕೇಡಿಯಣ್ಣ. "ಯಾರಾದ್ರೂ ಕೈ ಬೀಸಲಿ, ತಾಗಿಸೋದು ಬೇಡ. ನಾನು ಬಿದ್ದು ತೋರಿಸ್ತೀನಿ."

ಕೊನೆಗೆ ಮ್ಯಾನೇಜರ್ ಎದ್ದು ಬಂದರು. ಅವರಿಗೆ ಕೈ ಬೀಸಿ ಅಭ್ಯಾಸವಿಲ್ಲ. ಬಸ್ಸಿಗೆ ಕೈ ಅಡ್ಡ ಹಿಡಿಯುವವರ ಹಾಗೆ ಬೀಸಿದರು. ಕೇಡಿಯಣ್ಣ ನೋಡಿದ, ಯೋಚಿಸಿದ, ತೊಡೆ ಬಡಿದ, ಆಮೇಲೆ ಬಾಗಿದ. ಸದ್ದು ಒಂದು ಕಡೆ, ಮುಖ ಒಂದು ಕಡೆ. ಶಾಲಾ ವಾರ್ಷಿಕೋತ್ಸವದಲ್ಲಿ ರಾಕ್ಷಸನ ಪಾತ್ರ ಹಾಕಿದ ಹುಡುಗನೂ ಇದಕ್ಕಿಂತ ಚೆನ್ನಾಗಿ ಬೀಳುತ್ತಾನೆ. ಇನ್ನೊಮ್ಮೆ ಅಂದರು. ಇನ್ನೊಮ್ಮೆಯೂ ಅದೇ. ಅವನ ಹಣೆಯಲ್ಲಿ ಬೆವರು ಇಳಿಯಿತು. ಕೈ ಬರುತ್ತದೆ ಅಂತ ತಲೆಗೆ ಗೊತ್ತಿದ್ದರೆ ಮೈ ತನ್ನ ಕೆಲಸ ಮಾಡುವುದಿಲ್ಲ. ನಿರ್ದೇಶಕರು ರೆಡಿ ಅನ್ನುತ್ತಿದ್ದ ಕಾಲದಲ್ಲಿ ಮೊಣಕಾಲು ಗಟ್ಟಿ ಇತ್ತು, ಹೊಂದಿಕೊಳ್ಳುತ್ತಿದ್ದ. ಈಗ ಉಳಿದಿರುವುದು ತಿಳಿಯದೆ ಬೀಳುವ ವಿದ್ಯೆ ಮಾತ್ರ.

ಡ್ರೈವರ್ ಬಾಗಿಲ ಹತ್ತಿರ ನಿಂತು ನೆಲ ನೋಡುತ್ತಿದ್ದ. ಕುದುರೆಗೆ ಓಡಲು ಹೇಳಿ ಕಾಲು ಕಟ್ಟಿದ ಹಾಗಾಯಿತು ಅಂತ ಒಳಗೊಳಗೇ ಬೈದುಕೊಂಡೆ.

"ಸಾಕು," ಅಂದರು ಅಧಿಕಾರಿ, ಒರಟಾಗಿ ಅಲ್ಲ. "ವಯಸ್ಸಾದವರಿಗೆ ತೊಂದರೆ ಕೊಡೋದು ಬೇಡ. ಕೂತ್ಕೊಳ್ಳಿ." ಅವನು ಕೂತ. ಸೋತ ಮುಖ. ಸಿನಿಮಾದಲ್ಲಿ ಅಷ್ಟು ಸಲ ಸೋತವನು, ಇಷ್ಟು ಕೆಟ್ಟದಾಗಿ ಸೋತದ್ದನ್ನು ನಾನು ನೋಡಿರಲಿಲ್ಲ. ಅಧಿಕಾರಿ ಪೆನ್ನು ತೆಗೆದುಕೊಂಡರು. ಕತ್ತು ಒರೆಸಿಕೊಳ್ಳುತ್ತ, "ಎಷ್ಟು ಸೆಖೆ ಇಲ್ಲಿ," ಅಂದರು.

ಕೇಡಿಯಣ್ಣನ ಹೆಂಡತಿ ಸ್ಟೂಲಿನಿಂದ ಎದ್ದಳು. ಗಂಡನ ತಲೆಯ ಮೇಲಿದ್ದ ಕಿಟಕಿಯ ಚಿಲಕಕ್ಕೆ ರಪ್ಪನೆ ಕೈ ಎತ್ತಿದಳು.

ಕೆಮ್ಮಲಿಲ್ಲ.

ಫಟ್.

ಕೇಡಿಯಣ್ಣ ಕುರ್ಚಿಯಿಂದ ಎದ್ದನೋ ಹಾರಿದನೋ, ಭುಜ ಕೊಟ್ಟು ಗಿರಕಿ ಹೊಡೆದು, ಮೇಜಿನ ತುದಿಯ ನೀರಿನ ಜಗ್ಗನ್ನು ಜೊತೆಗೆ ಎಳೆದುಕೊಂಡು, ಕಬ್ಬಿಣದ ಬೀರುವಿಗೆ ಢಣಾರನೆ ತಾಗಿ ನೆಲಕ್ಕೆ ಬಿದ್ದ. ಮುಖ ಸರಿಯಾಗಿ ಅಧಿಕಾರಿಯ ಕಡೆಗೆ. ಬಿದ್ದ ಮೇಲೆ ಕಣ್ಣು ತೇಲಿಸಿ ಕಾಲು ಒಮ್ಮೆ ಅದುರಿಸಿದ. ಆ ಅದುರು ಹಳೇ ಸಿನಿಮಾಗಳಲ್ಲಿ ಅವನದೇ ಸಹಿ.

ಆಕೆಯ ಕೈ ಇನ್ನೂ ಚಿಲಕದ ಮೇಲೇ ಇತ್ತು, ಕೂತಿದ್ದಾಗ ಅವನ ತಲೆ ಇದ್ದ ಜಾಗದಿಂದ ಒಂದು ಮೊಳ ಮೇಲೆ. ಎಲ್ಲರೂ ಕೈ ನೋಡಿದರು, ನೆಲ ನೋಡಿದರು, ಮತ್ತೆ ಕೈ ನೋಡಿದರು.

ಮೊದಲು ಮಾತಾಡಿದವನು ಕಂಡಕ್ಟರ್. ಎದ್ದು ನಿಂತಿದ್ದ. "ಇದೇ ಮೇಡಂ," ಅಂದ. "ಅವತ್ತು ಕೇಳಿಸಿದ್ದು ಇದೇ ಸದ್ದು."

"ಯಾರು ಹೊಡೆದದ್ದು?" ಅಂದರು ಅಧಿಕಾರಿ, ಇನ್ನೂ ಗಾಬರಿಯಲ್ಲಿ.

"ಯಾರೂ ಇಲ್ಲ ಮೇಡಂ," ಅಂದಳು ಆಕೆ. "ಇವರು ಬೀಳೋಕೆ ಯಾರೂ ಹೊಡೆಯೋದೇ ಬೇಡ." ಚಿಲಕ ತೆಗೆದು ಕಿಟಕಿ ತಳ್ಳಿದಳು. ಗಾಳಿ ಬಂತು, ಸುತ್ತಿಗೆ ಸದ್ದೂ ಬಂತು. ಆಮೇಲೆ ಮನೆಯ ಕೆಮ್ಮಿನ ಪದ್ಧತಿಯನ್ನು ಆಕೆಯೇ ಬಿಡಿಸಿ ಹೇಳಿದಳು, ಟೇಪು ಎತ್ತಿದ ದಿನದಿಂದ ಹಿಡಿದು ಹಾಲಿನ ಪಾತ್ರೆಯ ತನಕ. ಅಧಿಕಾರಿ ಬಾಯಿಗೆ ಕರವಸ್ತ್ರ ಒತ್ತಿಕೊಂಡಿದ್ದರು. ಭುಜ ಕುಲುಕುತ್ತಿತ್ತು. ಮ್ಯಾನೇಜರ್ ಅಂತೂ ಮುಚ್ಚುಮರೆ ಇಲ್ಲದೆ ಮೇಜು ಬಡಿದು ನಗುತ್ತಿದ್ದರು. ನೆಲದ ಮೇಲಿಂದ ಕೇಡಿಯಣ್ಣ, "ಯಾರಾದ್ರೂ ಎತ್ತುತ್ತೀರಾ? ಪ್ಯಾಂಟೆಲ್ಲ ಒದ್ದೆ ಆಯ್ತು," ಅಂದ. ಓಡಿಬಂದು ಎತ್ತಿದವನು ಡ್ರೈವರ್. ಎತ್ತುವಾಗ ಎರಡೂ ಕೈಯನ್ನು ಕೆಳಗಿನಿಂದ, ಬಹಳ ನಿಧಾನಕ್ಕೆ ತಂದ.

ಆದೇಶ ಕೈಗೆ ಬರಲು ಸ್ವಲ್ಪ ದಿನ ಹಿಡಿಯಿತು, ಅದು ಹಿಡಿಯುತ್ತದೆ. ಪ್ರಯಾಣಿಕರ ಹತ್ತಿರ ಸಿಟ್ಟಿನಿಂದ ಮಾತಾಡಿದ್ದಕ್ಕೆ ಒಂದು ಎಚ್ಚರಿಕೆ, ಮಿಕ್ಕದ್ದೆಲ್ಲ ರದ್ದು. ಎಚ್ಚರಿಕೆಯನ್ನೂ ವಿರೋಧಿಸೋಣವೇ ಅಂತ ಅಭ್ಯಾಸಬಲದಿಂದ ಕೇಳಿದೆ. ಡ್ರೈವರ್ ಕೈಮುಗಿದ. "ಅಣ್ಣ, ದಯವಿಟ್ಟು ಸುಮ್ಮನಿರಿ. ನನ್ನ ಹೆಂಡತಿ ವಿಚಾರಣೆ ಮುಗಿದ ರಾತ್ರಿಯೇ ಮೊದಲ ಸಲ ನೆಮ್ಮದಿಯಾಗಿ ನಿದ್ದೆ ಮಾಡಿದಳು." ಸುಮ್ಮನಾದೆ.

ವಿಚಾರಣೆಯ ದಿನ ಗೇಟಿನ ಹತ್ತಿರ ಆಕೆಯನ್ನು ಕೇಳಿದ್ದೆ, "ಅಕ್ಕ, ಬೇಕಂತಲೇ ಕೆಮ್ಮಲಿಲ್ಲ ಅಲ್ವಾ?"

"ಸೆಖೆ ಇತ್ತು," ಅಂದಳು.

ಬೀದಿಯವರ ಕತೆಯೇ ಬೇರೆ. ಸತ್ಯ ಗೊತ್ತಾದ ಮೇಲೆ ಸೇಬು ನಿಂತಿತು. ಇಷ್ಟೆಲ್ಲ ಅನುಕಂಪ ಪುಕ್ಕಟೆ ಹೊಡೆದುಕೊಂಡ ಅಂತ ಕೆಲವರು ಮುನಿಸಿಕೊಂಡರು. "ಕೊನೆಗೂ ಕೇಡಿಯೇ," ಅಂದಳು ಹಣ್ಣಿನವಳು, ಆದರೆ ಕಿತ್ತಳೆ ಕೊಡುವುದನ್ನು ನಿಲ್ಲಿಸಲಿಲ್ಲ. ಕೇಡಿಯಣ್ಣನಿಗೆ ನಿರಾಳ. ಸಂತನಾಗಿದ್ದ ದಿನಗಳಲ್ಲಿ ಬೀದಿಯಲ್ಲಿ ನಿಂತು ಒಂದು ಬೈಗುಳ ಬೈಯಲು ಆಗುತ್ತಿರಲಿಲ್ಲವಂತೆ, ಬಾಯಿ ಕಟ್ಟಿದ ಹಾಗಿತ್ತಂತೆ. ಪ್ಲಾಸ್ಟಿಕ್ ಅಂಗಡಿಯವನು ಈಗ ಬಕೆಟ್ಟುಗಳನ್ನು ಒಳಗೆ ಪೇರಿಸುತ್ತಾನೆ.

ಮೊನ್ನೆ ಅವನ ಜೊತೆ ನಾನೂ ಸ್ಟಾಪಿನಲ್ಲಿದ್ದೆ. ಹೊಸ ಜಾಗದಲ್ಲಿ, ಬೋರ್ಡಿನ ಕೆಳಗೇ. ಬಸ್ಸು ಬಂತು, ಬಾಗಿಲು ಸರಿಯಾಗಿ ಅವನ ಮೂಗಿನ ಮುಂದೆ ನಿಂತಿತು. ಸ್ಟಿಯರಿಂಗ್ ಮುಂದೆ ಅದೇ ಡ್ರೈವರ್, ಮುಖ ತುಂಬಿಕೊಂಡಿತ್ತು. ಕೇಡಿಯಣ್ಣ ಮೆಟ್ಟಿಲ ಮೇಲೆ ಕಾಲಿಟ್ಟ.

ಡ್ರೈವರ್ ಬಸ್ಸಿನ ಹಿಂದಿನ ಸೀಟಿಗೂ ಕೇಳುವ ಹಾಗೆ ಒಮ್ಮೆ ಕೆಮ್ಮಿದ. ಆಮೇಲೆ ಕೈ ಎತ್ತಿ ಸಲಾಂ ಹೊಡೆದ.